ಮಾಸ್ತರರಿಗೆ ಹಾಕಿದ ಎಲೆ

ಬಾಂದ್ರಾದ ಚರ್ಚಿನ ಹಿಂದಿನ ಗಲ್ಲಿಯಲ್ಲಿ ಧರ್ಮಣ್ಣನ ಬಾರ್ ಇದೆ. ಬೋರ್ಡಿನ ಮೇಲೆ ಏನೋ ಇಂಗ್ಲಿಷ್ ಹೆಸರು, ಓದಿದವರು ಕಡಿಮೆ. ಚಿತ್ರ ಬರೆಯುವವರು, ನಾಟಕದವರು, ಸಿನಿಮಾಕ್ಕೆ ಕಥೆ ಕೊಟ್ಟೂ ಹೆಸರು ಬಾರದವರು, ಸಂಜೆಯಾದರೆ ಎಲ್ಲಿಗೆ ಹೋಗುವುದೆಂದು ತಿಳಿಯದವರೆಲ್ಲ ಅಲ್ಲಿಗೇ ಬರುತ್ತಾರೆ. "ಅಣ್ಣಾ ಕೇ ಪಾಸ್" ಅಂದರೆ ಸಾಕು, ರಿಕ್ಷಾದವನು ತಂದು ಇಳಿಸುತ್ತಾನೆ.

ಧರ್ಮಣ್ಣ ಆ ಬಾರಿಗೆ ಬಂದದ್ದು ಗ್ಲಾಸು ತೊಳೆಯಲು. ತುಳುನಾಡಿನ ಕಾಪು ಕಡೆಯವನು, ಮೀಸೆ ಬಂದಿತ್ತು, ಹಿಂದಿ ಬಂದಿರಲಿಲ್ಲ. ಆಮೇಲೆ ವೇಟರ್ ಆದ. ಆಗಿನ ಮಾಲೀಕರು ರಮಾನಾಥ ಶೆಟ್ಟರು. ಅವರು ಕಲಿಸಿದ ಪಾಠ ಒಂದೇ: "ಗಿರಾಕಿಯ ಮೇಜಿಗೆ ಕೂರಬಾರದು ಮಾರಾಯ. ಕೂತೆಯೋ, ನಾಳೆಯಿಂದ ನೀನೂ ಗಿರಾಕಿ." ಧರ್ಮಣ್ಣ ಆ ಮಾತನ್ನು ಮೀರಿದ್ದು ಒಮ್ಮೆ ಮಾತ್ರ. ನಾನು ಹೇಳಹೊರಟದ್ದು ಅದನ್ನೇ.

ಕಿಟಕಿ ಪಕ್ಕದ ಮೇಜು ಚಂದ್ರಾಮ ಮಾಸ್ತರರದು. ವಿಜಯಪುರದ ಕಡೆಯವರು, ಸಿನಿಮಾ ಹಾಡುಗಳಿಗೆ ವಯಲಿನ್ ನುಡಿಸುತ್ತಿದ್ದರು. ಮದುವೆ ಇಲ್ಲ, ಮನೆಯೆಂದರೆ ಬಾಡಿಗೆಯ ಕೋಣೆ. ಇಡೀ ವಾದ್ಯವೃಂದದ ಕೆಲಸವನ್ನು ಒಂದು ಮೆಷಿನ್ ಮಾಡತೊಡಗಿದಾಗ ಸ್ಟುಡಿಯೋದವರು ಅವರನ್ನು ಕರೆಯುವುದು ಬಿಟ್ಟರು. ಅವತ್ತು ಮಾಸ್ತರರು ರಮ್ಮಿನ ಮೇಲೆ ರಮ್ಮು ತರಿಸಿದರು. ಮತ್ತೂ ಕೇಳಿದಾಗ ಧರ್ಮಣ್ಣ ಒಳಗೆ ಹೋಗಿ, ತನಗೆಂದು ಇಟ್ಟುಕೊಂಡಿದ್ದ ಮೊಸರನ್ನ ತಂದಿಟ್ಟ.

"ಇದೇನೋ?"

"ಊಟ ಮಾಸ್ಟ್ರೇ."

"ನಾ ರಮ್ ಕೇಳೀನಿ."

"ಬಾಟ್ಲಿ ಖಾಲಿ."

ಅವನ ಬೆನ್ನ ಹಿಂದೆಯೇ ಬಾಟ್ಲಿಗಳ ಸಾಲು ಹೊಳೆಯುತ್ತಿತ್ತು. ಮಾಸ್ತರರು ಅದನ್ನು ನೋಡಿದರು, ಅವನ ಮುಖ ನೋಡಿದರು, ತಲೆ ತಗ್ಗಿಸಿ ಮೊಸರನ್ನ ಉಂಡರು.

ಮುಂದೊಂದು ವರ್ಷ ರಮಾನಾಥ ಶೆಟ್ಟರು ಊರಿಗೆ ಮರಳುವ ಮನಸ್ಸು ಮಾಡಿದರು. ಬಾರ್ ಯಾರಿಗೆ? ಅಳಿಯಂದಿರೆಲ್ಲ ಸಾಲುಗಟ್ಟಿ ಬಂದರು. ಶೆಟ್ಟರು ಕಿಟಕಿ ಮೇಜಿನ ಹತ್ತಿರ ನಿಂತು, "ಕುಡಿಯುವವರು ನೀವು ಮಾಸ್ಟ್ರೇ, ನೀವೇ ಹೇಳಿ" ಅಂದರು.

"ಕುಡಸಾವ್ರು ಮುಂಬೈ ತುಂಬ ಅದಾರ್ರಿ ಶೆಟ್ರ. ಯಾವಾಗ ನಿಲ್ಲಸಬೇಕಂತ ಗೊತ್ತಿರಾಂವ ಈ ಧರ್ಮಾ ಒಬ್ಬನ."

ಮರುದಿನ ಬೀಗದಕೈ ಧರ್ಮಣ್ಣನ ಕೈಗೆ ಬಂತು. ವಿಲೆ ಪಾರ್ಲೆಯ ಮನೆ, ಮಗಳು ಯಕ್ಷಿತಾಳ ಕಾಲೇಜು, ಎಲ್ಲ ಆ ಒಂದು ಮಾತಿನಿಂದ. ಆದರೆ ಮಾಸ್ತರರ ಮುಂದೆ ಅವನು ಅದನ್ನು ಬಾಯಿಬಿಟ್ಟು ಹೇಳಲೇ ಇಲ್ಲ. ಟ್ರೇ ಹಿಡಿದು ನಿಂತವನು ಏನು ಹೇಳಿಯಾನು? ಕೂತರೆ ತಾನೆ ಮನಸ್ಸಿನ ಮಾತು ಬರುವುದು! ನಾಳೆ ಹೇಳಿದರಾಯಿತು ಅಂದುಕೊಳ್ಳುತ್ತಲೇ ತಲೆ ಬೆಳ್ಳಗಾಯಿತು.

ಆಮೇಲೆ ಮಾಸ್ತರರು ನಾಶಿಕಿನ ತಂಗಿಯ ಮಗಳ ಮನೆಗೆ ಹೋದವರು ತಿರುಗಿ ಬರಲಿಲ್ಲ. ಈ ಸಲದ ಮಳೆಗಾಲದಲ್ಲಿ ಗಿರಾಕಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಫೋಟೋಕ್ಕೆ ಹಾರ ಹಾಕಿ "ಓಂ ಶಾಂತಿ" ಎಂದು ಬಿಟ್ಟರು. ಎಲ್ಲರೂ ಕೈಮುಗಿದರು, ಸುದ್ದಿ ಎಲ್ಲಿಂದ ಬಂತೆಂದು ಒಬ್ಬರೂ ಕೇಳಲಿಲ್ಲ. ಹೇಳಬೇಕಾದದ್ದು ಹೇಳದೆ ಉಳಿಯಿತಲ್ಲ ಎಂದು ಧರ್ಮಣ್ಣನಿಗೆ ಅನ್ನ ಇಳಿಯದಾಯಿತು.

ತುಳುವರಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ, ಅಂದರೆ ಕುಲೆಗಳಿಗೆ, ಬಡಿಸುವ ಪದ್ಧತಿ. ಎಲೆ ಹಾಕಿ, ಅವರವರು ಇಷ್ಟಪಟ್ಟದ್ದನ್ನು ಬಡಿಸಿ, ಹೆಸರು ಹಿಡಿದು ಕರೆಯಬೇಕು. ಅವರು ನೆಮ್ಮದಿಯಿಂದ ಉಣ್ಣಲೆಂದು ಬದುಕಿರುವವರು ಒಳಗೆ ಸರಿಯಬೇಕು. ಹಿಂದೆ ಮುಂದೆ ಯಾರೂ ಇಲ್ಲದೆ ತೀರಿಹೋದ ಗಿರಾಕಿಗಳಿಗೆ ಧರ್ಮಣ್ಣ ಪ್ರತಿವರ್ಷ ಬಾರಿನಲ್ಲೇ ಹೀಗೆ ಬಡಿಸುತ್ತಾನೆ. ಒಬ್ಬ ಚಿತ್ರಕಾರನಿಗೆ ಬಿಯರು, ಬೇಯಿಸಿದ ಮೊಟ್ಟೆ. ಒಬ್ಬ ನಾಟಕದವನಿಗೆ ವಿಸ್ಕಿ, ಖಾರದ ಕಡಲೆ.

ಆ ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸಿ ಎಲೆ ಹಾಕಿದರು. ಹೆಂಡತಿ ಶೀಲಾವತಿ ಕೋಳಿ ಸಾರಿನ ಜೊತೆ ತಿನ್ನುವ ಗರಿಗರಿ ಕೋರಿ ರೊಟ್ಟಿ ಮಾಡಿ ತಂದಿದ್ದಳು. ಕಿಟಕಿ ಮೇಜಿನ ಮೇಲೆ ಈ ಸಲ ಹೊಸದೊಂದು ಎಲೆ. ಪಕ್ಕದಲ್ಲಿ ಮೊಸರನ್ನ. ಧರ್ಮಣ್ಣ ಪೆಗ್ಗಿನ ಅಳತೆ ಬದಿಗಿಟ್ಟು, ಗ್ಲಾಸು ತುಂಬ ರಮ್ಮು ಸುರಿದ.

"ಮಾಸ್ಟ್ರೇ, ಅವತ್ತು ನೀವು ಆ ಮಾತು ಹೇಳದಿದ್ರೆ ನಾನು ಈಗ್ಲೂ ಇನ್ನೊಬ್ಬರ ಟ್ರೇ ಹಿಡೀತಿದ್ದೆ. ನನ್ನ ಅನ್ನದಲ್ಲಿ ನಿಮ್ಮ ಪಾಲಿದೆ. ಎದುರಿಗೆ ಹೇಳ್ಲಿಕ್ಕೆ ನಾಲಗೆ ಏಳ್ಲಿಲ್ಲ. ಉಂಡು ಹೋಗಿ."

ಕಣ್ಣೊರೆಸಿಕೊಂಡು ಅಡುಗೆಮನೆಗೆ ಸರಿದ. ಹೆಂಡತಿ ಮಗಳೂ ಸರಿದರು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಕರಕರ ಎಂದು ರೊಟ್ಟಿ ಮುರಿಯುವ ಸದ್ದು. ಯಕ್ಷಿತಾ ಇಣುಕಿದಳು.

"ಪಪ್ಪಾ, ಕುಲೆ ಛತ್ರಿ ಹಿಡ್ಕೊಂಡು ಬರ್ತದಾ ಕ್ಯಾ?"

ಕಿಟಕಿ ಮೇಜಿನಲ್ಲಿ ಚಂದ್ರಾಮ ಮಾಸ್ತರರು ಕೂತಿದ್ದರು. ಒದ್ದೆ ಛತ್ರಿ, ಊರುಗೋಲು, ಬಾಯಿತುಂಬ ರೊಟ್ಟಿ.

"ಯಾಂವ ಅಂದಾ ನಾ ಸತ್ತೇನಂತ? ಸೊಂಟ ಮುರಕೊಂಡು ನಾಶಿಕದಾಗ ಬಿದ್ದಿದ್ದೆ. ಅಲ್ಲೋ ಧರ್ಮಾ, ಇಷ್ಟ ವರ್ಷ ಒಂದ ಹನಿ ಹೆಚ್ಚಿಗಿ ಹಾಕ್ಲಿಲ್ಲ ನೀ. ಸತ್ತಮ್ಯಾಲ ಗ್ಲಾಸ್ ತುಂಬ ಹಾಕ್ತೀ ಅಂತ ಮೊದಲ ಗೊತ್ತಿದ್ರ ಯಾವಾಗೋ ಸಾಯ್ತಿದ್ನಲ್ಲೋ!"

ಶೀಲಾವತಿ ಎದೆ ಹಿಡಿದುಕೊಂಡಳು. "ಅಯ್ಯೋ ದೇವರೇ! ಜೀವ ಇರುವವರಿಗೆ ಕುಲೆಯ ಎಲೆ ಹಾಕಿಯಾಯ್ತಲ್ಲ! ಮುಟ್ಟಬೇಡಿ ಮಾಸ್ಟ್ರೇ, ಆಯುಷ್ಯಕ್ಕೆ ಒಳ್ಳೇದಲ್ಲ."

"ಅರ್ಧ ಉಂಡೇನಲ್ಲ ತಂಗಿ. ಈಗೇನ್ ಮಾಡೂದು?"

ಶೀಲಾವತಿ ಗಳಿಗೆ ಯೋಚಿಸಿದಳು. ಆ ಎಲೆಯನ್ನು ಮಡಚಿ ತೆಗೆದು, ಮೇಜು ಒರೆಸಿ, ನೆಂಟರಿಗೆ ಹಾಕುವ ಹಾಗೆ ತುದಿ ಎಡಕ್ಕಿಟ್ಟು ಹೊಸ ಎಲೆ ಹಾಕಿದಳು. ಎದುರಿಗೆ ಇನ್ನೊಂದನ್ನೂ ಹಾಕಿ ಗಂಡನ ಕಡೆ ತಿರುಗಿದಳು.

"ನೀವೂ ಕೂತುಕೊಳ್ಳಿ. ಕುಲೆಯ ಜೊತೆ ಯಾರೂ ಉಣ್ಣುವುದಿಲ್ಲ. ನೀವು ಒಟ್ಟಿಗೆ ಉಂಡ್ರೆ ಇದು ಮನುಷ್ಯರ ಊಟ ಆಗ್ತದೆ."

"ಮೇಜಿಗಾ?"

"ಮತ್ತೆಲ್ಲಿಗೆ, ಫ್ರಿಜ್ಜಿನ ಮೇಲೆಯಾ? ಕೂತುಕೊಳ್ಳಿ ಮಾರಾಯ್ರೆ."

ಧರ್ಮಣ್ಣ ಕೂತ. ಅಲ್ಲಿಂದ ತನ್ನ ಬಾರು ಹೇಗೆ ಕಾಣುತ್ತದೆಂದು ಅವನು ನೋಡಿದ್ದು ಅದೇ ಮೊದಲು. ಮಾಸ್ತರರು ಗ್ಲಾಸಿಗೆ ಕೈಚಾಚಿದರು.

"ಡಾಕ್ಟ್ರು ಎಂತ ಹೇಳಿದ್ದಾರೆ?"

"ಬ್ಯಾಡ ಅಂದಾನ."

ಧರ್ಮಣ್ಣ ಗ್ಲಾಸನ್ನು ಆಚೆ ಸರಿಸಿ ಮೊಸರನ್ನವನ್ನು ಈಚೆ ಸರಿಸಿದ. "ಬಾಟ್ಲಿ ಖಾಲಿ."

ಮಾಸ್ತರರು ನಕ್ಕು ಅನ್ನ ಕಲಸಿದರು. "ಶಟರ್ ಹೊರಗ ನಿಂತು ಎಲ್ಲಾ ಕೇಳಿದ್ನಿ. ಛಂದ ಇತ್ತು. ಇನ್ನೊಮ್ಮೆ ಹೇಳ್."

ಹೊರಗೆ ಯಾರೋ "ಅಣ್ಣಾ, ಖೋಲೋ" ಎಂದು ಶಟರ್ ಬಡಿಯುತ್ತಿದ್ದರು. ಧರ್ಮಣ್ಣ ಏಳಲಿಲ್ಲ.

"ನನ್ನ ಅನ್ನದಲ್ಲಿ ನಿಮ್ಮ ಪಾಲಿದೆ ಮಾಸ್ಟ್ರೇ" ಅಂದ.