ಸುರಂಗದಲ್ಲಿ ಸಾಯುವ ಚಿಕ್ಕಪ್ಪ

ಮೊನ್ನೆ ಕಲ್ಯಾಣದುರ್ಗದ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ನನ್ನ ಚಿಕ್ಕಪ್ಪ ಸಾಯಲು ಸಿದ್ಧರಾಗುತ್ತಿದ್ದರು. ಗಾಬರಿಯಾಗಬೇಡಿ, ಟೀವಿಯಲ್ಲಿ. ಅಲ್ಲಿನ ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪು ಕೊಟ್ಟು, ಸೋತವರ ತಕರಾರನ್ನೂ ಕೇಳಿಸಿಕೊಂಡು, ಹಿಂದೂಪುರದ ಬಸ್ಸಿಗೆ ಕಾಯುತ್ತಿದ್ದೆ. ಬೆಳುಗುಪ್ಪದ ಬಸ್ಸುಗಳು ಬಂದವು, ಹೋದವು. ನನ್ನದು ಮಾತ್ರ ಇಲ್ಲ. ತಲೆ ಎತ್ತಿದರೆ ಗೋಡೆಯ ಮೇಲೆ ಅದೇ ಹಾಳು ಸಿನಿಮಾ.

ನೀವು ಅದನ್ನು ನೋಡಿರಲಾರಿರಿ. ಯಾರೂ ನೋಡಿಲ್ಲ. ಒಂದು ಗಣಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ದ್ರೋಹಿಯೊಬ್ಬ ಲಿಫ್ಟಿನ ಹಗ್ಗ ಕತ್ತರಿಸಿ ಸುರಂಗಕ್ಕೆ ಸಿಡಿಮದ್ದು ಇಡುತ್ತಾನೆ. ಅಂಗಿಯ ಇಸ್ತ್ರಿ ಕೆಡದ ನಾಯಕ ಎಲ್ಲರನ್ನೂ ಪಾರು ಮಾಡುತ್ತಾನೆ. ನೆಲದಡಿ ಅಷ್ಟು ಆಳದಲ್ಲಿ ಅಷ್ಟೊಂದು ಬೆಳಕು ಎಲ್ಲಿಂದ ಬಂತು ಎಂದು ಕೇಳಿ, ಉತ್ತರವಿಲ್ಲ. ಮದ್ದು ಇಟ್ಟವನು ಹೊರಗೆ ಓಡುವುದು ಬಿಟ್ಟು ಅದರ ಪಕ್ಕದಲ್ಲೇ ನಿಂತು ಏಕೆ ಭಾಷಣ ಮಾಡುತ್ತಾನೆ? ಇಂಥ ವಾದ ಹೂಡಿದವರನ್ನು ನಾನು ಮೊದಲ ಸುತ್ತಿನಲ್ಲೇ ಮನೆಗೆ ಕಳಿಸುತ್ತೇನೆ.

ನಮ್ಮದು ಹಿಂದೂಪುರದಲ್ಲಿ ನೇಕಾರರ ಮನೆ. ನಾನು ಹೈಸ್ಕೂಲಿನಲ್ಲಿದ್ದಾಗ, ಮುಚ್ಚಿಹೋದ ಹಳೆಯ ಗಣಿಯೊಂದರಲ್ಲಿ ಶೂಟಿಂಗ್ ಇದೆ, ಕೂಲಿಯಾಳುಗಳ ವೇಷಕ್ಕೆ ಜನ ಬೇಕು ಎಂಬ ಸುದ್ದಿ ಬಂತು. ನಾಟಕದ ಹುಚ್ಚಿನ ಚಿಕ್ಕಪ್ಪ ಅರ್ಧ ಸೀರೆಯನ್ನು ಮಗ್ಗದ ಮೇಲೇ ಬಿಟ್ಟು ಹೊರಟರು. ಹೋದವರೆಲ್ಲ ಗುಂಪಿನಲ್ಲಿ ಓಡಿದರೆ ಇವರಿಗೆ ಪಾತ್ರವೇ ಸಿಕ್ಕಿಬಿಟ್ಟಿತು: ಕುಸಿಯುವ ಸುರಂಗದ ತೊಲೆಯನ್ನು, ಮಿಕ್ಕವರು ಪಾರಾಗುವವರೆಗೆ ಹೆಗಲಲ್ಲಿ ಹೊತ್ತು ನಿಂತು, ಸಾಯುವುದು. ಅಂದರೆ ಆ ಸಿನಿಮಾದಲ್ಲಿ ನಿಜವಾದ ಶೌರ್ಯದ ಕೆಲಸ ಚಿಕ್ಕಪ್ಪನದು. ಪೋಸ್ಟರಿನಲ್ಲಿದ್ದವನು ಬೇರೆ.

ಚಿತ್ರ ನಮ್ಮೂರಲ್ಲಿ ವಾರ ತುಂಬಲಿಲ್ಲ. ಚಿಕ್ಕಪ್ಪ ಒಬ್ಬರೇ ಹೋಗಿ ನೋಡಿ ಬಂದರು. ನೋಡಿದರು ಅನ್ನುವುದೂ ತಪ್ಪೇ. ತಮ್ಮ ಸಾವು ಹತ್ತಿರವಾಗುತ್ತಿದ್ದಂತೆ ತೆರೆಗೆ ಬೆನ್ನು ತಿರುಗಿಸಿ ಕೊನೆಯವರೆಗೂ ಜನರ ಮುಖ ನೋಡುತ್ತ ಕೂತರಂತೆ! ಕತ್ತಲಲ್ಲಿ ಯಾರೋ ತೆಲುಗಿನಲ್ಲಿ ‘ಪಾಪಂ’ ಅಂದರಂತೆ. ಆ ಒಂದು ಪಾಪಂ ಹಿಡಿದುಕೊಂಡು, ತಮ್ಮಂಥ ಸಾವು ತೆರೆಯ ಮೇಲೆ ಮತ್ತೊಂದಿಲ್ಲ ಎಂದು ಇಷ್ಟು ವರ್ಷ ನಂಬಿದರು. ಸಾಕ್ಷ್ಯ ಸಾಲದು ಎಂದರೆ ನನಗೇ ಬೈಗುಳ.

ಅವರಿಗೆ ಬೇಕಾಗಿದ್ದದ್ದು ಒಂದೇ. ಅವರ ಅವ್ವ, ಅಂದರೆ ನನ್ನ ಅಜ್ಜಿ, ಅದನ್ನು ನೋಡಬೇಕು. ನಾಟಕ ಗೀಟಕ ಎಂದು ಮಗನನ್ನು ಬೈಯುತ್ತಲೇ ಬಂದವಳು ಒಮ್ಮೆ ನೋಡಿ ಪರವಾಗಿಲ್ಲ ಅಂದರೆ ಸಾಕು. ಮೊಬೈಲ್ ಅಂಗಡಿಯವನಿಂದ ಪೆನ್‌ಡ್ರೈವಿಗೆ ಹಾಕಿಸಿ ತಂದರು. ಮನೆಮಂದಿಯೆಲ್ಲ ಕೂತೆವು. ಮಗ ಕಾಣಿಸಿಕೊಂಡಾಗ ಅಜ್ಜಿಯ ಮುಖ ಅರಳಿತು. ಸುರಂಗ ಗುಡುಗಿದ್ದೇ ತಡ, ಆರಿಸು ಎಂದಳು. ಹೆತ್ತವಳು ಮಗನ ಸಾವು ನೋಡಬಾರದು, ಅಷ್ಟೇ. ಪೆನ್‌ಡ್ರೈವ್ ಅಜ್ಜಿಯ ಎಲೆಅಡಿಕೆ ಚೀಲ ಸೇರಿತು. ಆಮೇಲೆ ಹಬ್ಬಕ್ಕೊಮ್ಮೆ, ಸೋಮಂದೇಪಲ್ಲಿಯ ನೆಂಟರು ಬಂದಾಗೊಮ್ಮೆ, ಅವಳೇ ತೆಗೆದು ಕೊಡುವಳು. ಗುಡುಗು ಕೇಳಿದೊಡನೆ ಆರಿಸಿ ಇಸಿದುಕೊಳ್ಳುವಳು. ನೆಂಟರು ಮುಂದೇನಾಯಿತು ಎಂದು ಕೇಳಿದರೆ ಕಾಫಿ ಕೊಡುತ್ತಿದ್ದೆವು. ದ್ರೋಹಿಯ ಬಟ್ಟೆಯ ಹಿಂದಿನ ಮುಖ ಯಾರದೆಂದು ನಮ್ಮ ಮನೆಗೆ ಗೊತ್ತೇ ಆಗಲಿಲ್ಲ. ಆ ಮೊಬೈಲ್ ಅಂಗಡಿಯೂ ಮುಚ್ಚಿತು, ನೆಟ್‌ನಲ್ಲಿ ಹುಡುಕಿದರೆ ಒಂದು ತುಣುಕೂ ಇಲ್ಲ.

ಡಿಗ್ರಿಗೆ ಸೇರಿ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಕಪ್ಪುಗಳನ್ನು ತರತೊಡಗಿದ ಮೇಲೆ ಒಂದು ದಿನ ಅಜ್ಜಿಯನ್ನು ಎದುರಿಸಿದೆ. ಮಗ ಇಲ್ಲೇ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತಿದ್ದಾನೆ, ಸತ್ತವರು ಸೀರೆ ನೇಯುವುದಿಲ್ಲ, ಹಾಗಾಗಿ ಅಲ್ಲಿರುವುದು ಸಾವಲ್ಲ ಎಂದೆ. ವಾದದಲ್ಲಿ ಒಂದೂ ಬಿರುಕಿರಲಿಲ್ಲ. ಅಜ್ಜಿ ಎಲೆಗೆ ಸುಣ್ಣ ಸವರುತ್ತ ಪೂರ್ತಿ ಕೇಳಿದಳು.

“ಸುಳ್ಳು ಸಾವೇ ಆಗ್ಲಿ ಕಣಮ್ಮ. ನೋಡೋ ಕಣ್ಣು ನಂದಲ್ವಾ?”

ಇದಕ್ಕೆ ಪ್ರತಿವಾದವಿದೆ. ಇದೆ ಎಂದು ಇವತ್ತಿಗೂ ನಂಬಿದ್ದೇನೆ. ಚಿಕ್ಕಪ್ಪ ಮಾತ್ರ ತಲೆ ಎತ್ತದೆ, “ಬುಡಮ್ಮ, ಅವ್ಳು ನೋಡಾಕಿಲ್ಲ,” ಅಂದರು. ಲಾಳಿ ಸ್ವಲ್ಪ ಜೋರಾಗಿ ಓಡಿತು.

ಇಂಥ ಮನೆಯಲ್ಲಿ ಬೆಳೆದ ನಾನು ಆ ದೃಶ್ಯವನ್ನು ಮೊದಲ ಸಲ ಕಾಣುವ ಗಳಿಗೆ ಕಲ್ಯಾಣದುರ್ಗದಲ್ಲಿ ಬಂದಿತ್ತು. ಅಂಗಡಿಯವನು ಇದೆಂಥ ತಲೆನೋವು ಅಕ್ಕಾ ಎನ್ನುತ್ತ ರಿಮೋಟ್ ಎತ್ತಿದ. ತಲೆನೋವೇ, ಆದರೂ ಇರಲಿ ಎಂದೆ. ಸುರಂಗ ಗುಡುಗಿತು. ಚಿಕ್ಕಪ್ಪ ತೊಲೆ ಹೊತ್ತರು, ಹಲ್ಲು ಕಚ್ಚಿದರು, ಬಿದ್ದರು. ನಿಜ ಹೇಳಬೇಕೆಂದರೆ ಕೈಯಲ್ಲಿದ್ದ ಟೀಯನ್ನೂ ಮರೆತೆ. ಆಮೇಲೆ ನಾಯಕ ಶವವನ್ನು ತೊಡೆಯ ಮೇಲಿಟ್ಟುಕೊಂಡು ಪ್ರತಿಜ್ಞೆ ಮಾಡಿದ, ಮಾಡಿದ, ಮಾಡುತ್ತಲೇ ಇದ್ದ. ಅಷ್ಟು ಹೊತ್ತೂ ಶವದ ಹೊಟ್ಟೆ ಮೇಲೆ ಕೆಳಗೆ ಆಡುತ್ತಿತ್ತು. ಸಣ್ಣಗೇನಲ್ಲ. ಮುದ್ದೆ ಉಂಡು ಮಲಗಿದವರ ಹೊಟ್ಟೆಯ ಹಾಗೆ.

ಆಗಲೇ ಚಿಕ್ಕಪ್ಪನಿಗೆ ಫೋನ್ ಮಾಡಿ, ನಿನ್ನ ಸೀನು ನೋಡಿದೆ ಎಂದೆ. ಆ ಕಡೆ ಮಗ್ಗ ನಿಂತಿತು.

“ಹೆಂಗಿತ್ತು?”

“ಚೆನ್ನಾಗಿತ್ತು ಚಿಕ್ಕಪ್ಪ. ಆದ್ರೆ ಸತ್ತ ಮೇಲೂ ಉಸ್ರಾಡ್ತಿದ್ದೀಯ. ಹೊಟ್ಟೆ ಆಡೋದು ಕಾಣ್ತೈತೆ.”

ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದ ಆ ‘ಪಾಪಂ’ ನನ್ನ ಬಾಯಿಂದ ಸತ್ತಿತು ಎಂದುಕೊಂಡೆ.

“ಅವ್ವನ ಕಣ್ಗೂ ಕಾಣ್ತದಾ?”

“ಯಾರ್ ಕಣ್ಗಾದ್ರೂ.”

“ಹಂಗಾರೆ ಅವ್ಳಿಗೆ ನೀನೇ ಹೇಳು,” ಎಂದು ಫೋನನ್ನು ಅಜ್ಜಿಗೆ ಕೊಟ್ಟರು.

ಹೇಳಿದೆ. ಅಜ್ಜಿ ಪಾಟೀಸವಾಲಿಗೆ ಇಳಿದಳು. ಬಿದ್ದ ಕೂಡಲೇ ಆಡಿತೋ, ತಡವಾಗಿಯೋ. ನಾನು ಕಣ್ಣಾರೆ ಕಂಡೆನೋ, ಮಗ ಹೇಳಿಕೊಟ್ಟದ್ದೋ. ಕೂಡಲೇ ಆಡಿತು, ಕಣ್ಣಾರೆ ಕಂಡೆ ಎಂದೆ. ನನ್ನ ತರ್ಕಕ್ಕೆ ಬಗ್ಗದ ಮುದುಕಿ ಒಂದು ಹೊಟ್ಟೆಯ ಸಾಕ್ಷಿಗೆ ಬಗ್ಗಿದಳು. ಎಲೆಅಡಿಕೆ ಚೀಲ ತಾ ಎಂದು ಮಗನಿಗೆ ಹೇಳಿದ್ದು ಕೇಳಿಸಿತು. ಫೋನ್ ಆರಿಸಲು ಇಬ್ಬರಿಗೂ ನೆನಪಾಗಲಿಲ್ಲ.

ಹಿಂದೂಪುರದ ಬಸ್ಸು ಬಂದು ನಿಂತಿತು. ಫೋನನ್ನು ಕಿವಿಗೊತ್ತಿಕೊಂಡು ಕೂತೇ ಇದ್ದೆ. ಚಿಕ್ಕಪ್ಪ ಸಿನಿಮಾವನ್ನು ಮುಂದಕ್ಕೆ ಓಡಿಸಿ ಓಡಿಸಿ ಆ ಜಾಗಕ್ಕೆ ತಂದಿರಬೇಕು, ಗುಡುಗು ಕೇಳಿಸಿತು. ಯಾರೂ ಆರಿಸು ಅನ್ನಲಿಲ್ಲ. ನಾಯಕನ ಪ್ರತಿಜ್ಞೆ ಶುರುವಾಯಿತು. ಬಸ್ಸು ಹಾರನ್ ಹೊಡೆದು ಹೊರಟೇಹೋಯಿತು.

“ಥೂ, ನೆಟ್ಟಗೆ ಉಸ್ರು ಬಿಗಿ ಹಿಡಿಯಾಕೆ ಬರಾಕಿಲ್ಲ ನಿಂಗೆ,” ಎಂದು ಅಜ್ಜಿಯ ದನಿ. ಆಮೇಲೆ, “ಇನ್ನೊಂದ್ಸಲ ಹಾಕು.”