ಬಾಣಂತಿ ಕೋಣೆಯಲ್ಲಿ ಕೂತ ಪ್ರೊಫೆಸರು

ಸೊಹಾಗ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ನಬವಿಯಾ ಕಲಿತದ್ದೂ ಕಲಿಸಿದ್ದೂ ಒಂದೇ ವಿಷಯ: ಟಿ.ವಿ.ಯಲ್ಲಿ ಬರುವ ಆರೋಗ್ಯದ ಮಾತು ಮನೆಯೊಳಗೆ ಹೊಕ್ಕ ಮೇಲೆ ಏನಾಗುತ್ತದೆ? ಭೇದಿಯಾದ ಮಗುವಿಗೆ ಉಪ್ಪು-ಸಕ್ಕರೆ ನೀರು ಕುಡಿಸಿ ಎಂದು ನಟಿ ಎಷ್ಟು ಹೇಳಿದರೂ ತಾಯಂದಿರು ಕದಲುತ್ತಿರಲಿಲ್ಲ. ಹೆರಿಗೆಯಾದ ಏಳನೆಯ ದಿನ ಕೂಸನ್ನು ಜರಡಿಯಲ್ಲಿ ಮಲಗಿಸಿ ತೂಗುವ ಶಾಸ್ತ್ರದ ಹೊತ್ತಿಗೆ ಹಿರಿಯಳೊಬ್ಬಳು ಅದನ್ನೇ ಹೇಳಿದರೆ ಸಾಕು, ತಪ್ಪದೆ ಕುಡಿಸುತ್ತಿದ್ದರು. ಇದನ್ನು ಕಂಡುಕೊಳ್ಳಲು ಅವಳು ಊರೂರು ಅಲೆದು, ಬಾಣಂತಿಯರ ಕೋಣೆಗಳಲ್ಲಿ ಕೂತಿದ್ದಳು.

ಬರೆದದ್ದನ್ನು ಗುರು ಡಾಕ್ಟರ್ ಲುತ್ಫಿಯ ಕೈಗಿತ್ತಳು. ಮರುವರ್ಷ ಅದು ಅವನ ಹೆಸರಿನಲ್ಲಿ ಪುಸ್ತಕವಾಗಿ ಬಂತು. ಕೇಳಲು ಹೋದರೆ, "ನಿನ್ನ ಹೆಸರು ಹಾಕಿದ್ರೆ ಯಾರಮ್ಮ ಓದ್ತಿದ್ರು?" ಎಂದು ನಕ್ಕ. ಅವಳು ಪ್ರೊಫೆಸರಾದಳು, ತಲೆ ನರೆಯಿತು, ಹೊಟ್ಟೆಯೊಳಗಿನ ಉರಿ ಮಾತ್ರ ಆರಲಿಲ್ಲ. ಅವನ ಬಾಯಿಂದಲೇ ತನ್ನ ಹೆಸರು ಹೊರಡಬೇಕು, ನಾಲ್ಕು ಜನರೆದುರು ಹೊರಡಬೇಕು. ಅಷ್ಟೇ ಅವಳಿಗೆ ಬೇಕಾದದ್ದು.

ಲುತ್ಫಿಯ ಶಿಷ್ಯೆ ಇಬ್ತಿಸಾಮಳ ಪ್ರಬಂಧಕ್ಕೆ ನಬವಿಯಾಳನ್ನೇ ಪರೀಕ್ಷಕಿಯಾಗಿ ಕರೆದರು. ಎಲ್ಲರೆದುರು ನಡೆಯುವ ಮೌಖಿಕ ಪರೀಕ್ಷೆಯ ಸಭೆ ತುಂಬಿತ್ತು. ಹುಡುಗಿಯ ಅಜ್ಜಿ, ಚಿಕ್ಕಮ್ಮಂದಿರು ಬಸ್ಬೂಸಾ ಮಿಠಾಯಿಯ ತಟ್ಟೆ, ಶರಬತ್ತು ಹೊತ್ತು ಬಂದು ಹಿಂದಿನ ಸಾಲಲ್ಲಿ ಕೂತಿದ್ದರು. ಪದವಿ ಸಿಕ್ಕಿತೆಂದರೆ ಸಾಕು, ನಾಲಿಗೆ ಹೊರಳಿಸಿ ಕೇಕೆ ಹಾಕಲು ಕಾದಿದ್ದರು. ಆ ಹುಡುಗಿಯದೇನು ತಪ್ಪು? ಗುರುವಿನ ಪುಸ್ತಕ ನಂಬಿದ್ದಳು.

"ಹುಡುಗಿ ಕೆಲಸ ಚೊಕ್ಕವಾಗಿದೆ, ನನ್ನದೇನೂ ತಕರಾರಿಲ್ಲ," ಎಂದ ನಬವಿಯಾ ಲುತ್ಫಿಯ ಕಡೆ ತಿರುಗಿದಳು. "ಡಾಕ್ಟ್ರೇ, ನಿಮ್ಮ ಪುಸ್ತಕದ ಒಂದು ಸಾಲು ತಗೊಂಡಿದಾಳೆ. 'ಬಾಣಂತಿಯ ಪಾದವನ್ನು ಮಡಿಲಲ್ಲಿಟ್ಟುಕೊಂಡು ಅವಳ ಚಾಪೆಯ ಮೇಲೆ ಕೂತಿದ್ದೆ.' ಯಾರ ಮನೇಲಿ ಕೂತಿದ್ರಿ?"

ಆ ಕೋಣೆಯ ಹೊಸ್ತಿಲನ್ನು ಪರಗಂಡಸು ದಾಟುವುದುಂಟೆ? ಕದಿಯುವ ಅವಸರದಲ್ಲಿ ಲುತ್ಫಿ ಆ ಸಾಲನ್ನು ಹಾಗೆಯೇ ಬಿಟ್ಟಿದ್ದ.

"ಅಯ್ಯಯ್ಯೋ!" ಹಿಂದಿನಿಂದ ಅಜ್ಜಿ ಬಹಿಯ್ಯಾ ಎದ್ದಳು. "ಈಯಪ್ಪ ಬಾಣಂತಿ ಕಾಲು ಹಿಡ್ಕೊಂಡು ಕೂತಿದ್ನಂತೇನ್ರೇ? ಅವಳ ಗಂಡ ಎಲ್ಲಿ ಹಾಳಾಗ್ಹೋಗಿದ್ನೋ!"

"ಕೂಸು ತೂಗೋಕೂ ಇವರನ್ನೇ ಕರೀಬೇಕಿತ್ತು ಬಿಡಿ, ಅತ್ತೆ," ಎಂದಳು ಚಿಕ್ಕಮ್ಮ. ಹೆಂಗಸರು ತಲೆವಸ್ತ್ರದ ಅಂಚು ಬಾಯಿಗಿಟ್ಟು ನಕ್ಕರು. ಗಂಡಸರು ನಗಲಿಲ್ಲ, ಲುತ್ಫಿಯನ್ನೇ ದುರುಗುಟ್ಟಿ ನೋಡಿದರು.

"ಛೆ, ನಾನಲ್ಲ! ಆ ಸಾಲು ನಾನು ಬರೆದದ್ದಲ್ಲ!" ಅವನು ಬೆವರಿದ.

"ಮತ್ಯಾರು ಬರೆದದ್ದು?" ನಬವಿಯಾ ಕೇಳಿದಳು.

ಮಾನ ಉಳಿಸಿಕೊಂಡರೆ ಕಳ್ಳ, ಪುಸ್ತಕ ಉಳಿಸಿಕೊಂಡರೆ ಮಾನಗೆಟ್ಟವ. ಲುತ್ಫಿ ತಲೆ ತಗ್ಗಿಸಿ ಗಂಟಲೊಳಗೇ ಹೇಳಿದ: "ನಬವಿಯಾ."

"ಹಿಂದಿನ ಸಾಲಿನೋರಿಗೆ ಕೇಳಿಸ್ಲಿಲ್ಲ, ಡಾಕ್ಟ್ರೇ," ಎಂದು ಅವಳು ಮೈಕನ್ನು ಅವನ ಬಾಯಿಯ ಹತ್ತಿರಕ್ಕೆ ಸರಿಸಿದಳು. "ಇನ್ನೊಂದ್ಸಲ ಹೇಳಿ."