ಹಗ್ಗ ಹಿಡಿಯದ ಭಾಮೈದ

ನಿಂಗಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಹಾಡಿಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಕಾಟ್ಟಿಕುಳಂನಿಂದ ತಿರುನೆಲ್ಲಿಗೆ ಹೋಗುವ ಬಸ್ಸಿನ ಕಂಡಕ್ಟರ್ ಹಾಡಿಯ ಬೇರೆಯವರನ್ನು ಮುಂದಿನ ಸ್ಟಾಪಿನಲ್ಲಿಳಿಸಿ ಹಿಂದಕ್ಕೆ ನಡೆಸುತ್ತಾನೆ. ಅವಳಿದ್ದರೆ ಮಾತ್ರ ಬಾಯಿ ಮುಚ್ಚಿಕೊಂಡು ಹಾಡಿಯ ತಿರುವಿನಲ್ಲೇ ಸೀಟಿ ಊದುತ್ತಾನೆ. ಆದರೆ ಆ ಸಿಟ್ಟು ಎಲ್ಲಿಂದ ಬಂತು ಎಂದು ಇವತ್ತಿನವರೆಗೆ ಕೇಳಿದವರು ಯಾರೂ ಇಲ್ಲ. ಕೇಳದಿದ್ದರೂ ಹೇಳಬೇಕಾದ ಕತೆ ಅದು.

ವಯನಾಡು ಹೊಸದಾಗಿ ಜಿಲ್ಲೆಯಾದ ವರ್ಷ ಅವಳು ಹುಟ್ಟಿದ್ದು. ಅಪ್ಪ ಚಿಕ್ಕಮಾದು ಹೆಜ್ಜೇನು ಇಳಿಸುವವನು. ಹಾಡಿಯ ಮೇಲಿನ ದೊಡ್ಡ ಬಂಡೆಯ ಹೊಟ್ಟೆಯಲ್ಲಿ ಜೇನು ಕಟ್ಟುತ್ತಿತ್ತು. ಬಂಡೆಯ ನೆತ್ತಿಯಿಂದ ಹಗ್ಗದಲ್ಲಿ ಇಳಿದು ಹುಟ್ಟು ಕೊಯ್ಯಬೇಕು. ಆ ಹಗ್ಗವನ್ನು ಕಂಡಕಂಡವರು ಹಿಡಿಯುವಂತಿಲ್ಲ. ಇಳಿಯುವವನ ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು. ಸ್ವಂತ ಅಣ್ಣ ಕೈಬಿಟ್ಟಾನು, ದಾಯಾದಿ ಬೇಕೆಂದೇ ಬಿಟ್ಟಾನು. ಹೆಂಡತಿಯ ಅಣ್ಣತಮ್ಮಂದಿರು ಮಾತ್ರ ಕೈಬಿಡುವುದಿಲ್ಲ, ಬಿಟ್ಟರೆ ಮುಂಡೆಯಾಗುವವಳು ಅವರ ಸೋದರಿಯೇ ಅಲ್ಲವೇ? ಹಿರಿಯರು ಲೆಕ್ಕಾಚಾರದವರು. ಇನ್ನೆರಡು ಕಟ್ಟಳೆಗಳೂ ಇದ್ದವು. ಬಂಡೆಯ ನೆತ್ತಿಯಲ್ಲಿ ದೇವರ ಕಲ್ಲಿದೆ, ಅದರೆದುರು ತಲೆಗೆ ಏನನ್ನೂ ಸುತ್ತಿಕೊಳ್ಳಬಾರದು. ಇಳಿಯುವವನು ರುಮಾಲು ಬಿಚ್ಚಿಟ್ಟೇ ಇಳಿಯಬೇಕು. ಜೇನಿನ ಕಾಲ ಮುಗಿಯುವವರೆಗೆ ಮನೆಯಲ್ಲಿ ಹೆಂಡತಿ ತಲೆಗೆ ಎಣ್ಣೆ ಹಚ್ಚಬಾರದು, ಬಾಚಬಾರದು, ಜಗಳವಾಡಬಾರದು.

ನಿಂಗಮ್ಮ ಇನ್ನೂ ಲಂಗದ ಹುಡುಗಿಯಾಗಿದ್ದಾಗ, ಒಂದು ಮಧ್ಯಾಹ್ನ, ಅಪ್ಪ ಇಳಿಯುತ್ತಿದ್ದಂತೆ ಮೇಲಿಂದ ಬೆಲ್ಲದಚ್ಚಿನಷ್ಟು ಕಲ್ಲೊಂದು ಕಳಚಿ ಅವನ ಬರೀ ನೆತ್ತಿಯ ಮೇಲೆ ಬಿತ್ತು. ಹಗ್ಗ ಹಿಡಿದಿದ್ದವನು ಅವ್ವನ ಅಣ್ಣ ಚಾತು. ಅಂಗೈ ಚರ್ಮ ಕಿತ್ತು ಬಂದರೂ ಬಿಡದೆ ಭಾವನನ್ನು ಮೇಲೆಳೆದುಕೊಂಡ. ಜೀವ ಉಳಿಯಿತು, ಬುದ್ಧಿ ಉಳಿಯಲಿಲ್ಲ. ಆಮೇಲೆ ಅಪ್ಪ ಜಗಲಿಯಲ್ಲಿ ಕೂತು ಮಗಳನ್ನು ಅವ್ವಾ ಎಂದು ಕರೆಯುತ್ತಿದ್ದ, ಉಣ್ಣಿಸಿದರೆ ಉಣ್ಣುತ್ತಿದ್ದ.

ಅಷ್ಟಕ್ಕೇ ಮುಗಿದಿದ್ದರೆ ನಿಂಗಮ್ಮ ಅತ್ತು ಸುಮ್ಮನಾಗುತ್ತಿದ್ದಳು. ಹಾಡಿಯವರು ಸೇರಿದರು. ಹಗ್ಗ ಹರಿದಿಲ್ಲ, ಕೈ ಜಾರಿಲ್ಲ, ಮತ್ತೆ ಯಾಕೆ ಹೀಗಾಯಿತು ಎಂದು ಕೇಳಿದರು. ಚಾತು ಕೈಗೆ ಬಟ್ಟೆ ಸುತ್ತಿಕೊಂಡು ನಿಂತು, “ನನ್ನ ಕೈ ತಪ್ಪಿಲ್ಲ. ತಪ್ಪಿದ್ರೆ ಮನೇಲಿ ತಪ್ಪೈತೆ” ಎಂದ. ಮನೆಯಲ್ಲಿದ್ದವಳು ಅವನ ಸ್ವಂತ ತಂಗಿ ಮಾದಮ್ಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅವಳು ಎಣ್ಣೆ ಮುಟ್ಟಿರಲಿಲ್ಲ, ಬಾಚಣಿಗೆ ಹಿಡಿದಿರಲಿಲ್ಲ. ಅವ್ವನ ಜಡೆಗಟ್ಟಿದ ತಲೆಯನ್ನು ಮಗಳು ಕಣ್ಣಾರೆ ಕಂಡಿದ್ದಳು. ಹುಡುಗಿಯ ಮಾತು ಯಾರಿಗೆ ಬೇಕು? ಅವತ್ತಿನಿಂದ ಮಾದಮ್ಮ ಸಾಯುವವರೆಗೂ ತಲೆಗೆ ಎಣ್ಣೆ ಹಚ್ಚಲಿಲ್ಲ. ಮದುವೆಗೆ ಕರೆಯುವವರಿರಲಿಲ್ಲ, ಬಾವಿಯ ಹತ್ತಿರ ಮಾತಾಡಿಸುವವರಿರಲಿಲ್ಲ. ಕೊನೆಗೆ, ಗಂಡನಿಗಿಂತ ಮೊದಲೇ ಹೋದಳು.

ಇದು ನಿಂಗಮ್ಮನ ಸಿಟ್ಟಿನ ಬೇರು.

ಅದೇ ಬಂಡೆಗೆ ಈಗ ಬೇಲಿ ಬಿದ್ದಿದೆ, ಬುಡದಲ್ಲಿ ಗುಡಿಸಲುಗಳು ಎದ್ದಿವೆ, ಸಾಹಸ ಕ್ಯಾಂಪ್ ಎಂಬ ಬೋರ್ಡು ನಿಂತಿದೆ. ಊರೂರಿನಿಂದ ಜನ ಬಂಡೆ ಹತ್ತಲು, ಹಗ್ಗದಲ್ಲಿ ಇಳಿಯಲು ಬರುತ್ತಾರೆ. ಅವರು ಹಾಕಿ ಬಿಚ್ಚಿದ ಹೆಲ್ಮೆಟ್ಟುಗಳನ್ನು ತೊಳೆದು ಬಿಸಿಲಿಗಿಡುವುದು ನಿಂಗಮ್ಮನ ಕೆಲಸ. ಅವಳ ಗಂಡ ಬೊಮ್ಮನ್‌ಗೂ ಅಲ್ಲೇ ಕೆಲಸ. ಹಿಂದಿನವರು ಜೇನು ಹೇಗೆ ಇಳಿಸುತ್ತಿದ್ದರು ಎಂದು ಪಂಚೆ ಎತ್ತಿ ಕಟ್ಟಿ, ಬರೀ ತಲೆಯಲ್ಲಿ ಇಳಿದು ತೋರಿಸಬೇಕು. ಹಗ್ಗ ಹಿಡಿಯುವವನು, ಕಟ್ಟಳೆಯಂತೆ, ನಿಂಗಮ್ಮನ ತಮ್ಮ ದೇವಯ್ಯ.

ಕ್ಯಾಂಪು ಶುರುವಾದ ಕಾಲದಲ್ಲಿ ಬಂದವರ ತಲೆಗೆ ಹೆಲ್ಮೆಟ್ಟು ಹಾಕಿಸುವುದೆಂದರೆ ಕರುವಿಗೆ ಮೂಗುದಾರ ಹಾಕಿದಷ್ಟೇ ಕಷ್ಟವಿತ್ತು. ಕೂದಲು ಕೆಡುತ್ತದೆ ಎನ್ನುವವರು, ಬೆವರು ನಾರುತ್ತದೆ ಎನ್ನುವವರು, ಯಾರ ಹೇನು ಯಾರಿಗೋ ಎಂದು ಮೂಗು ಮುರಿಯುವವರು. ಗಂಡಸರಂತೂ ಅದನ್ನು ಸಂತೆಬುಟ್ಟಿಯಂತೆ ಮೊಣಕೈಗೆ ಸಿಕ್ಕಿಸಿಕೊಂಡು ಹತ್ತುತ್ತಿದ್ದರು. ಹತ್ತುವುದನ್ನು ಕಲಿಸುವ ಹುಡುಗರೇ ಬರೀ ತಲೆಯಲ್ಲಿ ಮೆರೆದು, ಹೆಲ್ಮೆಟ್ಟು ಹೆದರುಪುಕ್ಕಲರಿಗೆ ಎಂದು ನಗುತ್ತಿದ್ದರು. ಆಮೇಲೆ ಇನ್ಯಾವುದೋ ಗುಡ್ಡದಲ್ಲಿ ಯಾರದೋ ತಲೆ ಒಡೆಯಿತು, ಎಲ್ಲರ ಫೋನಿಗೂ ಆ ಚಿತ್ರ ಬಂತು. ನೋಡನೋಡುತ್ತ ಗಾಳಿಯೇ ತಿರುಗಿತು. ಈಗ ಹೆಲ್ಮೆಟ್ಟಿಲ್ಲದೆ ನೆಲ ಬಿಟ್ಟು ಒಂದಡಿ ಏಳುವವರಿಲ್ಲ. ತಾಯಂದಿರು ಮಕ್ಕಳ ಗದ್ದದ ಪಟ್ಟಿಯನ್ನು ಎಳೆದೆಳೆದು ನೋಡುತ್ತಾರೆ, ಕೆಲವರು ಮನೆಯಿಂದಲೇ ಬಣ್ಣಬಣ್ಣದ್ದು ತರುತ್ತಾರೆ. ನಗುತ್ತಿದ್ದ ಆ ಹುಡುಗರು ಚಹಾ ಕುಡಿಯುವಾಗಲೂ ಅದನ್ನು ತೆಗೆಯುವುದಿಲ್ಲ.

ಎಲ್ಲರ ತಲೆಗೂ ಬೆಲೆ ಬಂತು, ಬೊಮ್ಮನ್ ತಲೆಯೊಂದನ್ನು ಬಿಟ್ಟು. ಕ್ಯಾಂಪಿನ ಮ್ಯಾನೇಜರ್ ಭಾಸ್ಕರನ್ ಪ್ರತಿ ಸಲವೂ ಬಂದವರೆದುರು ಬೊಮ್ಮನ್ ಹೆಗಲ ಮೇಲೆ ಕೈಯಿಟ್ಟು, “ಇವರಿಗೆ ಹೆಲ್ಮೆಟ್ ಬೇಕಿಲ್ಲ, ಭಾಮೈದ ಇದ್ದಾನೆ!” ಎನ್ನುತ್ತಿದ್ದ. ಜನ ನಗುತ್ತಿದ್ದರು, ಫೋಟೊ ತೆಗೆಯುತ್ತಿದ್ದರು. ಹೆಲ್ಮೆಟ್ಟು ಹಾಕಿದರೆ ಹಳೇ ಕಾಲದ ಕಳೆ ಹೋಗುತ್ತದಂತೆ. ಹತ್ತಿರದಲ್ಲೇ ಹೆಲ್ಮೆಟ್ಟು ಉಜ್ಜುತ್ತಿದ್ದ ನಿಂಗಮ್ಮನಿಗೆ ಆ ನಗು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಗಂಡನಿಗೆ ಹೇಳಿ ಹೇಳಿ ಬಾಯಿ ಒಣಗಿತ್ತು.

ಹೀಗಿರುವಾಗ, ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಕೋಳಿಕ್ಕೋಡಿನಿಂದ ಬಂದ ಬ್ಯಾಂಕಿನ ಹುಡುಗಿಯೊಬ್ಬಳು ಹತ್ತುತ್ತಿದ್ದಾಗ ಮೇಲಿಂದ ಕಲ್ಲು ಕಳಚಿ ಅವಳ ತಲೆಗೆ ಬಡಿಯಿತು. ಠಪ್ಪೆಂದ ಸದ್ದು ಕೆಳಗಿನವರೆಗೂ ಕೇಳಿಸಿತು. ಅವಳನ್ನು ಮೆಲ್ಲಗೆ ಇಳಿಸಿ ಬೆಂಚಿನ ಮೇಲೆ ಕೂರಿಸಿದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ನಿಂಗಮ್ಮ ಚಹಾ ತಂದುಕೊಟ್ಟಳು. ಹುಡುಗಿ ಒಂದು ಗುಟುಕು ಕುಡಿದು, ಅಕ್ಕಾ ಎನ್ನುವಂತೆ, “ಚೇಚೀ, ಇದು ತುಂಬ ಸಿಹಿ. ಸಕ್ಕರೆ ಇಲ್ಲದ್ದು ಇದೆಯಾ?” ಎಂದಳು.

ನಿಂಗಮ್ಮ ಸಕ್ಕರೆ ಇಲ್ಲದ್ದನ್ನೂ ತಂದುಕೊಟ್ಟಳು. ಹುಡುಗಿಯ ಮೇಲೆ ಅವಳಿಗೆ ಸಿಟ್ಟಿಲ್ಲ, ಬದುಕಿದಳಲ್ಲ, ನೂರು ಕಾಲ ಬಾಳಲಿ. ಆಮೇಲೆ ಒಡೆದ ಹೆಲ್ಮೆಟ್ಟನ್ನು ಎತ್ತಿಕೊಂಡು ನಲ್ಲಿಯ ಹಿಂದೆ ಹೋಗಿ ಕೂತಳು. ನೆತ್ತಿಯ ಮೇಲೆ ಅಡ್ಡಕ್ಕೆ ಬಿರುಕು ಬಿಟ್ಟಿತ್ತು. ಅದರಲ್ಲಿ ಬೆರಳಾಡಿಸಿದಳು. ಅಪ್ಪನ ನೆತ್ತಿಯಲ್ಲೂ ಇಲ್ಲೇ, ಇದೇ ಜಾಗದಲ್ಲಿ ಗುಳಿ ಇತ್ತು. ಸ್ನಾನ ಮಾಡಿಸುವಾಗ ಅವಳ ಕೈಗೆ ತಾಕುತ್ತಿತ್ತು. ಇಂಥದ್ದೊಂದು ಇದ್ದಿದ್ದರೆ ಅಪ್ಪನೂ ಎದ್ದು ಕೂತು, ಸಕ್ಕರೆ ಜಾಸ್ತಿಯಾಯಿತು ಎಂದು ಅವ್ವನನ್ನು ಬೈಯುತ್ತಿದ್ದ. ಅವ್ವ ಎಣ್ಣೆ ಹಚ್ಚಿ ತುರುಬು ಕಟ್ಟುತ್ತಿದ್ದಳು.

ಸಂಜೆ ಮನೆಗೆ ಬಂದವಳೇ ಗಂಡನ ಎದುರು ಒಂದು ಒಳ್ಳೆಯ ಹೆಲ್ಮೆಟ್ಟನ್ನು ಕುಕ್ಕಿದಳು.

“ನಾಳಿಂದ ಇದ ಹಾಕ್ಕಂಡು ಇಳಿ.”

“ಸಾರ್ ಒಪ್ಪಾಕಿಲ್ಲ ಕಣೆ ನಿಂಗಿ” ಎಂದ ಬೊಮ್ಮನ್. ಒಳ್ಳೆಯವನು, ಯಾರ ಮಾತನ್ನೂ ಮೀರದವನು. ಅದೇ ಅವನ ರೋಗ. “ಬಂಡೆನೂ ಒಪ್ಪಾಕಿಲ್ಲ. ದೇವ್ರ ಮುಂದೆ ತಲೆ ಮುಚ್ಚಬಾರ್ದು.”

“ಸಾರೂ ಅದೇ ಅಂತಾನೆ, ಬಂಡೆನೂ ಅದೇ ಅಂತದೆ. ಬಂಡೆಗ್ಯಾಕೆ ಫೋಟೊ ಹುಚ್ಚು?”

“ಹಗ್ಗ ಹಿಡಿಯಾಕೆ ನಿನ್ನ ತಮ್ಮ ಇಲ್ವಾ? ನಂಗೇನು ಪೇಡಿ?” ಪೇಡಿ ಎಂದರೆ ಮಲೆಯಾಳದಲ್ಲಿ ಹೆದರಿಕೆ, ಹಾಡಿಯವರ ಬಾಯಲ್ಲೂ ಅದೇ ಮಾತು.

“ನಮ್ಮಪ್ಪಂಗೂ ಹಗ್ಗ ಹಿಡಿಯಾಕೆ ಚಾತು ಮಾವ ಇದ್ದ” ಎಂದು ನಿಂಗಮ್ಮ ಹೊರಗೆ ನಡೆದಳು.

ದೇವಯ್ಯ ತನ್ನ ಮನೆಯ ಅಂಗಳದಲ್ಲಿ ಬಿದಿರು ಸೀಳುತ್ತ ಕೂತಿದ್ದ. ಅಕ್ಕನ ಮುಖ ನೋಡಿ ಕತ್ತಿ ಕೆಳಗಿಟ್ಟ.

“ನಾಳೆ ನಿಮ್ಮ ಭಾವನ ಹಗ್ಗ ಹಿಡೀಬೇಡ.”

ದೇವಯ್ಯ ಬೆಚ್ಚಿದ. “ಏನಕ್ಕಾ ಹಿಂಗಂತೀಯೆ? ಬಂಡೆ ಮೇಲೆ ಹಗ್ಗ ಬಿಟ್ರೆ ಏನರ್ಥ ಅಂತ ಗೊತ್ತಲ್ಲ. ಅಕ್ಕನ್ನ ವಾಪಸ್ ತಗಂಡ ಅಂತಾರೆ. ಸಂಬಂಧ ಕಡಿದಂಗೆ. ನೀನು ಅವತ್ತೇ ಅವರ ಮನೆ ಬಿಟ್ಟು ನಮ್ಮನೆಗೆ ಬರ್ಬೇಕಾಯ್ತದೆ.”

“ಗೊತ್ತು. ಬತ್ತೀನಿ.”

“ಭಾವ ಒಳ್ಳೆಯವ್ನು ಕಣಕ್ಕ.”

“ಒಳ್ಳೆಯವ್ನೇ. ಅದ್ಕೇ ಅವನ ತಲೆ ಬೇಕು ನಂಗೆ. ಅವ್ನು ಕೆಳೀಕೆ ಬೀಳ್ದಂಗೆ ನೀನು ಹಿಡೀತೀಯೆ ದೇವಯ್ಯ. ಮೇಲಿಂದ ಬೀಳೋದ ಯಾರು ಹಿಡೀತಾರೆ? ಕಲ್ಲು ಬಿದ್ರೆ ನಾಳೆ ನಿನ್ನ ಕೇಳ್ತಾರೆ, ನನ್ನ ಕೈ ತಪ್ಪಿಲ್ಲ ಅಂತೀಯೆ. ಆಮೇಲೆ ನನ್ನ ತಲೆ ಮೂಸಿ ನೋಡ್ತಾರೆ, ಎಣ್ಣೆ ಹಚ್ಚಿದ್ಲಾ ಅಂತ.”

ದೇವಯ್ಯನಿಗೆ ಅವ್ವನ ನೆನಪು ಮಸುಕು. ಬರೀ ಆ ಜಡೆಗಟ್ಟಿದ ತಲೆ ನೆನಪಿತ್ತು. ಅವನು ಬಿದಿರಿನ ಸೀಳುಗಳನ್ನು ಒಟ್ಟುಮಾಡತೊಡಗಿದ.

ಮಾರನೇ ಬೆಳಿಗ್ಗೆ ಬಂಡೆಯ ನೆತ್ತಿಯಲ್ಲಿ ಬಂದವರೆಲ್ಲ ಅರ್ಧ ಸುತ್ತು ಕಟ್ಟಿ ನಿಂತಿದ್ದರು, ಎಲ್ಲರ ತಲೆಯ ಮೇಲೂ ಹೆಲ್ಮೆಟ್ಟು. ದೇವರ ಕಲ್ಲಿಗೆ ಅರಿಸಿನ ಹಚ್ಚಲು ಕ್ಯಾಂಪಿನವರು ಕರೆಸುವುದು ಮುದಿ ಚಾತುವನ್ನೇ. ಅವನು ಹಚ್ಚಿ ಪಕ್ಕಕ್ಕೆ ಕೂತಿದ್ದ. ಭಾಸ್ಕರನ್ ಬೊಮ್ಮನ್ ಹೆಗಲ ಮೇಲೆ ಕೈಯಿಟ್ಟು ತನ್ನ ಅದೇ ಮಾತನ್ನು ಹೇಳಿದ. ಜನ ನಕ್ಕರು.

ನಿಂಗಮ್ಮ ಮೆಟ್ಟಿಲು ಹತ್ತಿ ಬಂದಳು. ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ತನ್ನ ಬಟ್ಟೆಯ ಗಂಟು. ಗಂಟನ್ನು ದೇವಯ್ಯನ ಕಾಲ ಬಳಿ ಇಟ್ಟು ನಿಂತಳು. ದೇವಯ್ಯ ಹಗ್ಗದ ಸುರುಳಿಯನ್ನು ಹೆಗಲಿನಿಂದ ತೆಗೆದು ಭಾವನ ಎದುರಿಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಬಂದವರಿಗೆ ಏನೂ ತಿಳಿಯಲಿಲ್ಲ. ಹಾಡಿಯವರಿಗೆ ಎಲ್ಲ ತಿಳಿಯಿತು. ಬೊಮ್ಮನ್ ಗಂಟನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. ಚಾತು ಕೋಲೂರಿ ಎದ್ದು, “ಏನ್ಲಾ ದೇವಯ್ಯ, ತಲೆ ಕೆಟ್ಟೈತಾ?” ಎಂದು ಗದರಿಸಿದ.

“ಅಕ್ಕನ್ನ ಕೇಳು ಮಾವ” ಎಂದ ದೇವಯ್ಯ.

ಭಾಸ್ಕರನ್‌ಗೆ ಹೊತ್ತಾಗುತ್ತಿತ್ತು. “ಅದಕ್ಕೇನು, ನಮ್ಮ ಹುಡುಗರು ಯಾರಾದರೂ ಹಗ್ಗ ಹಿಡಿಯುತ್ತಾರೆ. ನೀನು ಇಳಿ” ಎಂದು ಬೊಮ್ಮನ್‌ಗೆ ಮಲೆಯಾಳದಲ್ಲಿ ಹೇಳಿದ.

ಯಾರ ಮಾತನ್ನೂ ಮೀರದ ಬೊಮ್ಮನ್ ಅವತ್ತು ಅಡ್ಡಕ್ಕೆ ತಲೆಯಾಡಿಸಿದ. “ಬೇರೆಯೋರ ಕೈಗೆ ನನ್ನ ಜೀವ ಕೊಡಾಕಿಲ್ಲ ಸಾರ್.”

ಆಮೇಲೆ ಬೊಮ್ಮನ್ ಹೆಂಡತಿಯ ಕಡೆ ಕೈ ಚಾಚಿ, “ಕೊಡು” ಎಂದ. ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡ. ನಿಂಗಮ್ಮ ಅದನ್ನು ತಿರುಗಿಸಿ, ಗದ್ದದ ಪಟ್ಟಿ ಸಿಕ್ಕಿಸಿ, ಎಳೆದು ನೋಡಿದಳು.

“ದೇವ್ರ ಮುಂದೆ ತಲೆ ಮುಚ್ಚಿಸ್ತೀಯಾ?” ಚಾತುವಿನ ದನಿ ಏರಿತು. “ಕೋಪ ಬಂದ್ರೆ ಯಾರು ತಡೀತಾರೆ?”

“ಬಂದ್ರೆ ನನ್ನ ಮೇಲೆ ಬರ್ಲಿ ಮಾವ. ಹೆಂಗೂ ನಿಮ್ಮ ದೇವ್ರಿಗೆ ಕೋಪ ಬಂದ್ರೆ ಮನೇಲಿರೋ ಹೆಂಗಸ್ರ ಮೇಲೇ ತಾನೇ ಬರೋದು?”

ಚಾತು ಅರಿಸಿನದ ಕೈಯನ್ನು ಪಂಚೆಗೆ ಒರೆಸಿಕೊಂಡ. ಭಾಸ್ಕರನ್, ಫೋಟೊಗಾದರೂ ಅದರ ಮೇಲೊಂದು ಟವೆಲ್ ಸುತ್ತಬಾರದೇ ಎಂದು ಗೊಣಗಿದ. ನಿಂಗಮ್ಮ ತಿರುಗಿ ನೋಡಿದಳು. ಅವನು ಫೋನ್ ಬಂದವನಂತೆ ಅತ್ತ ಹೋದ. ದೇವಯ್ಯ ಹಗ್ಗ ಎತ್ತಿಕೊಂಡ, ಬೊಮ್ಮನ್ ಇಳಿದ.

ಇಳಿದ, ಹತ್ತಿಬಂದ. ಯಾವ ಕಲ್ಲೂ ಬೀಳಲಿಲ್ಲ, ಯಾವ ದೇವರೂ ಮುನಿಯಲಿಲ್ಲ. ಜನ ಚಪ್ಪಾಳೆ ತಟ್ಟಿ ಕೆಳಗೆ ಹೋದರು. ನಿಂಗಮ್ಮ ಗಂಡನ ಹೆಲ್ಮೆಟ್ಟು ಬಿಚ್ಚಿ, ಬೆವರಿದ ಅವನ ನೆತ್ತಿಯ ಮೇಲೆ ಒಮ್ಮೆ ಕೈಯಾಡಿಸಿದಳು. ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ. ಇಷ್ಟು ಸಲೀಸಾಗಿ ಆಗುವ ಕೆಲಸವಾಗಿತ್ತಲ್ಲ ಎಂದು ಇನ್ನಷ್ಟು ಏರಿತು.

ಚಾತು ಅಲ್ಲೇ ನಿಂತಿದ್ದ. “ಕೊಡು ಇಲ್ಲಿ” ಎಂದು ಹೆಲ್ಮೆಟ್ಟನ್ನು ಈಸಿಕೊಂಡ. ಹಗ್ಗ ಉಜ್ಜಿ ಗಂಟುಗಟ್ಟಿದ ಅಂಗೈಯಲ್ಲಿ ಸೋರೆಬುರುಡೆಯಂತೆ ತೂಗಿ ನೋಡಿದ, ಬೆರಳಿನಿಂದ ತಟ್ಟಿ ನೋಡಿದ.

“ಇಷ್ಟೇನಾ?” ಎಂದ.

“ಇಷ್ಟೇ ಮಾವ” ಎಂದಳು ನಿಂಗಮ್ಮ. “ಇಷ್ಟು ಇಲ್ದೇ ಇದ್ದಿದ್ಕೆ ನಮ್ಮಪ್ಪ ಹೋದ. ನಮ್ಮವ್ವ ಹೋಗಿದ್ದು ಮಾತ್ರ ನಿನ್ನ ಮಾತಿಗೆ. ಅವ್ಳು ಎಣ್ಣೆ ಮುಟ್ಟಿರಲಿಲ್ಲ.”

ಮುದುಕ ತಲೆ ತಗ್ಗಿಸಿ ಹೆಲ್ಮೆಟ್ಟನ್ನು ನೋಡುತ್ತಲೇ ನಿಂತ. ನಿಂಗಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡು, ತನ್ನ ಬಟ್ಟೆಯ ಗಂಟನ್ನು ಗಂಡನ ಕೈಗೆ ಕೊಟ್ಟು, ತೊಳೆಯಲು ಕೆಳಗೆ ಹೋದಳು.